ಶ್ರವಣದೋಷದ ಅನುಭವ: ಇಯರ್‌ಪ್ಲಗ್ ಒಳ್ಳೆಯದೋ, ಧ್ವನಿಮುದ್ರಣವೋ?

ಬಾಗಲಕೋಟೆಯ ಶಾಲೆಯೊಂದರಲ್ಲಿ ಶಿಕ್ಷಕರಿಗೆ ಶ್ರವಣದೋಷದ ಅನುಭವ ಮಾಡಿಸಬೇಕೆನ್ನುವವರ ಮುಂದೆ ಎರಡು ದಾರಿಗಳಿವೆ: ಫೋಮ್ ಇಯರ್‌ಪ್ಲಗ್ ಹಾಕಿಸುವುದು, ಇಲ್ಲವೇ ಕೀರಲು ಸದ್ದುಗಳನ್ನು ಸೋಸಿ ತೆಗೆದ ಧ್ವನಿಮುದ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿಸುವುದು.

ಇಯರ್‌ಪ್ಲಗ್ ಅಗ್ಗ. ಅದನ್ನು ಹಾಕಿಕೊಂಡೇ ಸಂತೆಗೆ ಹೋಗಿ, ದರ ಕೇಳಿ, ಉತ್ತರಕ್ಕಾಗಿ ಎದುರಿನವರ ತುಟಿಯನ್ನೇ ನೋಡುತ್ತ ನಿಲ್ಲುವ ದಣಿವನ್ನು ಅರಿಯಬಹುದು. ಆದರೆ ಸರಿಯಾಗಿ ಕೂರಿಸಿದರೂ ಅದು ಸುಮಾರು 20ರಿಂದ 30 ಡೆಸಿಬೆಲ್‌ನಷ್ಟು ಸದ್ದನ್ನು ಮಾತ್ರ ತಗ್ಗಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಾದರೋ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಾದವರನ್ನು ಕಿವುಡರೆಂದು ಗುರುತಿಸುತ್ತದೆ.

ಧ್ವನಿಮುದ್ರಣದ ಪಾಠ ಇದಕ್ಕಿಂತ ಆಳವಾದದ್ದು. ಒಳಗಿವಿಯ ದೋಷವಿರುವ ಅನೇಕರಿಗೆ ಸದ್ದು ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಸ, ಶ, ತ ಮುಂತಾದ ವ್ಯಂಜನಗಳು ಅಳಿಸಿಹೋಗಿ ‘ಸಾಲು’ ಮತ್ತು ‘ಹಾಲು’ ಒಂದೇ ಎನಿಸುತ್ತವೆ. ಕಿರುಚಿದರೆ ಪ್ರಯೋಜನವಿಲ್ಲ, ಮುಖ ತೋರಿಸಿ ನಿಧಾನವಾಗಿ ಮಾತನಾಡಬೇಕು ಎಂಬುದು ಕಪ್ಪುಹಲಗೆಯತ್ತ ತಿರುಗಿಯೇ ಪಾಠ ಹೇಳುವ ಶಿಕ್ಷಕರಿಗೆ ಆಗ ಮನವರಿಕೆಯಾಗುತ್ತದೆ. ಆದ್ದರಿಂದ ತರಗತಿಗೆ ನನ್ನ ಆಯ್ಕೆ ಇದೇ.

ಹುಟ್ಟಿನಿಂದಲೇ ಕೇಳಿಸದೆ, ಸಂಜ್ಞೆ ಭಾಷೆಯಲ್ಲೇ ಬೆಳೆದವರ ಬದುಕನ್ನು ಮಾತ್ರ ಈ ಎರಡೂ ತೋರಿಸಲಾರವು. ಅದಕ್ಕೆ ಅಂಥವರೊಬ್ಬರನ್ನು ಗೌರವಧನ ನೀಡಿ, ದುಭಾಷಿಯೊಂದಿಗೆ ಶಾಲೆಗೆ ಆಹ್ವಾನಿಸಬೇಕು.