ಲಾಗ್ ಕ್ಯಾಬಿನ್ ಕೌದಿಗೆ ಪಟ್ಟಿಗಳ ಸುರುಳಿ: ಬಟ್ಟೆ ಉತ್ತಮ, ಲೆಕ್ಕ ಸರಿಯಿಲ್ಲ

ಎರಡೂವರೆ ಇಂಚು ಅಗಲದ 40 ಹತ್ತಿಬಟ್ಟೆಯ ಪಟ್ಟಿಗಳು, ಅವುಗಳಲ್ಲಿ ಅರ್ಧ ತಿಳಿಬಣ್ಣದವು, ಅರ್ಧ ಗಾಢಬಣ್ಣದವು, ನಡುವಿನ ಚೌಕಕ್ಕೊಂದು ಕೆಂಪು ತುಂಡು, ಜೊತೆಗೆ ಸೂಚನೆಗಳ ಹಾಳೆ. ಲಾಗ್ ಕ್ಯಾಬಿನ್ ಕೌದಿಗೆಂದು ಮಾರಾಟವಾಗುವ ಈ ಸುರುಳಿಯಲ್ಲಿರುವುದು ಇಷ್ಟು. ನಡುವಿನ ಚೌಕದ ಸುತ್ತ ಒಂದೊಂದೇ ಪಟ್ಟಿ ಜೋಡಿಸುತ್ತ, ಅಕ್ಕಪಕ್ಕದ ಎರಡು ಬದಿಗಳಿಗೆ ತಿಳಿಬಣ್ಣವೂ ಉಳಿದೆರಡಕ್ಕೆ ಗಾಢಬಣ್ಣವೂ ಬರುವಂತೆ ಬೆಳೆಸುವ ಈ ಮಾದರಿ 1860ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾಯಿತು. ನಡುವಿನ ಕೆಂಪನ್ನು ಲಾಗ್ ಕ್ಯಾಬಿನ್‌ನ, ಅಂದರೆ ಮರದ ದಿಮ್ಮಿಗಳ ಮನೆಯೊಳಗಿನ ಒಲೆಯ ಬೆಂಕಿಯೆಂದು ಹೇಳುವುದು ವಾಡಿಕೆ.

ಬಟ್ಟೆಯ ಬಗ್ಗೆ ದೂರಿಲ್ಲ. ನೇಯ್ಗೆ ಒತ್ತಾಗಿದೆ, ಒದ್ದೆ ಬಿಳಿಬಟ್ಟೆಯಿಂದ ಉಜ್ಜಿದರೂ ಕೆಂಪು ಬಣ್ಣ ಬಿಡಲಿಲ್ಲ. ಪಟ್ಟಿಗಳನ್ನು ಮೊದಲೇ ಒಗೆದರೆ ಅಂಚಿನ ನೂಲು ಬಿಚ್ಚಿ ಸಿಕ್ಕಾಗುತ್ತದೆ; ಹಾಗಾಗಿ ಒಗೆದು ನೋಡುವ ಬದಲು ಮಾಡುವ ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

ಅಂಚುಗಳನ್ನು ಗರಗಸದ ಹಲ್ಲಿನಂತೆ ಕತ್ತರಿಸಿದ್ದಾರೆ. ಎರಡೂವರೆ ಇಂಚು ಬರುವುದು ಹಲ್ಲಿನ ತುದಿಯಿಂದ ತುದಿಗೆ ಅಳೆದಾಗ ಮಾತ್ರ. ಆದ್ದರಿಂದ ಹೊಲಿಗೆಯಾಚೆ ಅಂಚಿಗೆ ಬಿಡುವ ಕಾಲು ಇಂಚಿನ ಮಾರ್ಜಿನ್ ಅನ್ನೂ ತುದಿಯಿಂದಲೇ ಹಿಡಿಯಬೇಕು, ಹಲ್ಲಿನ ಸಂದಿಯಿಂದಲ್ಲ. ಇದನ್ನು ಸೂಚನೆಯ ಹಾಳೆ ಹೇಳುವುದೇ ಇಲ್ಲ. ಮೂರು ಸುತ್ತು ಹೊಲಿದ ಚೌಕದ ಅಗಲದಲ್ಲಿ ಆರು ಹೊಲಿಗೆಗಳು ಬರುತ್ತವೆ. ಪ್ರತಿ ಹೊಲಿಗೆಯೂ ಇಂಚಿನ ಹದಿನಾರನೇ ಒಂದು ಭಾಗದಷ್ಟು ಒಳಸರಿದರೆ, ಎರಡೂ ಕಡೆಯ ಬಟ್ಟೆ ಕಳೆದು, ಹದಿನಾಲ್ಕೂವರೆ ಇಂಚು ಇರಬೇಕಾದ ಚೌಕ ಮುಕ್ಕಾಲು ಇಂಚು ಕುಗ್ಗುತ್ತದೆ.

ಅದೇ ಹಾಳೆ ಉದ್ದ ಪಟ್ಟಿಯನ್ನು ಹಾಗೇ ಇಟ್ಟು ಹೊಲಿದು, ಉಳಿದದ್ದನ್ನು ಆಮೇಲೆ ಕತ್ತರಿಸಿರೆಂದು ಹೇಳುತ್ತದೆ. ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಇಂತಹ ಪಟ್ಟಿಗಳನ್ನು ಬಟ್ಟೆಯ ಅಗಲಕ್ಕೆ, ಹೊಕ್ಕುನೂಲಿನ (ಅಡ್ಡನೂಲಿನ) ದಿಕ್ಕಿನಲ್ಲಿ ಕತ್ತರಿಸಿರುವುದರಿಂದ ಅವು ಕೈಯೆಳೆತಕ್ಕೆ ಸ್ವಲ್ಪ ಹಿಗ್ಗುತ್ತವೆ. ಹಿಗ್ಗಿದ ಪಟ್ಟಿ ಒಳಗಿನ ಚೌಕಕ್ಕೆ ಅಂಟಿಕೊಂಡರೆ ಹೊರಸುತ್ತಿನಲ್ಲಿ ಅಂಚು ಅಲೆಯಲೆಯಾಗಿ ಏಳುತ್ತದೆ, ಆ ಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಮೊದಲ ಸುತ್ತಿಗೆ ಎರಡೂವರೆ, ನಾಲ್ಕೂವರೆ, ನಾಲ್ಕೂವರೆ, ಆರೂವರೆ ಇಂಚು, ಮುಂದಿನ ಪ್ರತಿ ಸುತ್ತಿಗೆ ಇವಕ್ಕೆ ನಾಲ್ಕು ಇಂಚು ಕೂಡಿಸುತ್ತ ಅಳೆದು ಕತ್ತರಿಸಿ ಹೊಲಿಯುವುದೇ ಲೇಸು. ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ, ಎತ್ತಿ ಒತ್ತಿ, ಮಾರ್ಜಿನ್ ಅನ್ನು ಹೊರಗಡೆಗೆ ಮಡಿಸಬೇಕು.

ನನ್ನ ದೊಡ್ಡ ತಕರಾರು ಇರುವುದು ಬಣ್ಣಗಳ ಪಾಲಿನಲ್ಲಿ. ಪ್ರತಿ ಸುತ್ತನ್ನೂ ತಿಳಿಬಣ್ಣದಿಂದ ಆರಂಭಿಸುವ ಸೂಚನೆಯಂತೆ ಹೊಲಿದರೆ ಗಾಢಪಟ್ಟಿಗಳು ಹೊರಗೆ ಬೀಳುತ್ತವೆ, ಹೊರಗಿನವು ಸಹಜವಾಗಿಯೇ ಉದ್ದ. ಮೂರು ಸುತ್ತಿನ ಒಂದು ಚೌಕಕ್ಕೆ ತಿಳಿಬಣ್ಣ 45 ಇಂಚು ಸಾಕು, ಗಾಢಬಣ್ಣ 57 ಇಂಚು ಬೇಕು. ಹೀಗಿರುವಾಗ ಎರಡನ್ನೂ ಇಪ್ಪತ್ತಿಪ್ಪತ್ತು ಕೊಟ್ಟರೆ ಗಾಢಪಟ್ಟಿ ಮೊದಲೇ ಮುಗಿದು, ತಿಳಿಬಣ್ಣದ್ದು ಕೆಲಸಕ್ಕೆ ಬಾರದೆ ಉಳಿಯುತ್ತದೆ. ಗಾಢ 22, ತಿಳಿ 18 ಇಟ್ಟಿದ್ದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ತೀರುತ್ತಿದ್ದವು. ತಯಾರಕರು ಇದನ್ನು ತಿದ್ದುವವರೆಗೆ, ಕೊಳ್ಳುವವರು ಹೊಂದುವ ಗಾಢಬಣ್ಣದ ಬಟ್ಟೆಯನ್ನು ಒಂದಿಷ್ಟು ಬೇರೆಯಾಗಿ ತೆಗೆದಿಟ್ಟುಕೊಳ್ಳಬೇಕು, ಇಲ್ಲವೇ ಅರ್ಧದಷ್ಟು ಚೌಕಗಳನ್ನು ಗಾಢಪಟ್ಟಿಯಿಂದಲೇ ಆರಂಭಿಸಿ ಹೊಲಿಯಬೇಕು.