ಆಫೀಸ್ ನೆಟ್ ಬ್ಯಾಕಪ್‌ಗೆ ಎರಡನೇ ಫೈಬರಾ, ಸಿಮ್ ರೌಟರಾ?

ಡೊಂಬಿವಲಿ ಆಫೀಸಿಗೆ ಯಾವ್ದು ಹಾಕ್ಸೋದು ಅಂತ ಕೇಳಿದ್ರಲ್ಲ ಶೆಟ್ರೇ, ಖರ್ಚು ನೋಡಿದ್ರೆ ಸಿಮ್ ರೌಟರೇ ಸಲೀಸು, ಫೈಬರ್ ಆದ್ರೆ ಬಳಸಿದ್ರೂ ಬಿಟ್ರೂ ತಿಂಗಳ ಬಿಲ್ಲು ಕಟ್ಲೇಬೇಕು. ಇಡೀ ದಿನ ವಿಡಿಯೊ ಕಾಲ್ ಇದ್ರೆ ಮಾತ್ರ ಫೈಬರೇ ಸರಿ. ಅದರಲ್ಲೊಂದು ಕಿರಿಕ್ಕು, ಕಂಪನಿ ಬೇರೆ ಆದ್ರೂ ಎರಡೂ ಕೇಬಲ್ ಒಂದೇ ದಾರೀಲಿ ಬಂದಿದ್ರೆ ರಸ್ತೆ ಅಗೆಯೋ ಜೆಸಿಬಿ ಎರಡನ್ನೂ ಒಟ್ಟಿಗೇ ಕಿತ್ತಾಕುತ್ತೆ, ಮುಂಬೈ ಸುತ್ತಮುತ್ತ ಅಗೆತ ಯಾವಾಗ ನಿಂತಿದೆ ಹೇಳಿ, ಅದಕ್ಕೇ ಕೇಬಲ್ ಎಲ್ಲಿಂದ ಬರುತ್ತೆ ಅಂತ ಮೊದ್ಲೇ ಕೇಳ್ಕೊಳ್ಳಿ. ಸಿಮ್‌ಗೆ ಆ ಭಯ ಕಡಿಮೆ, ಆದ್ರೆ ಸಾಮಾನ್ಯವಾಗಿ ಸಿಜಿನ್ಯಾಟ್ (ಒಂದೇ ಐಪಿ ವಿಳಾಸವನ್ನ ತುಂಬ ಜನ ಹಂಚ್ಕೊಳ್ಳೋ ವ್ಯವಸ್ಥೆ) ಇರೋದ್ರಿಂದ ಹೊರಗಿಂದ ಆಫೀಸ್ ಕ್ಯಾಮೆರಾ ನೇರ ತೆರೆಯೋದು ಕಷ್ಟ. ಬರೀ ಬಿಲ್ಲಿಂಗು, ಯುಪಿಐ ಅಂದ್ರೆ ಸಿಮ್ ಸಾಕು. ಯಾವ್ದೇ ತಗೊಳ್ಳಿ, ಎರಡು ನೆಟ್ ಲೈನ್ ಹಾಕ್ಬಹುದಾದ ಡ್ಯುಯಲ್ ವ್ಯಾನ್ ರೌಟರಲ್ಲಿ, ನೆಟ್ ನಿಜಕ್ಕೂ ಓಡ್ತಿದೆಯಾ ಅಂತ ಆಗಾಗ ನೋಡೋ ಪಿಂಗ್ ಚೆಕ್ ಆನ್ ಮಾಡಿ, ಇಲ್ಲಾಂದ್ರೆ ಲೈಟ್ ಹಸಿರಾಗೇ ಇದ್ದು ನೆಟ್ ಸತ್ತಾಗ ರೌಟರ್ ಬ್ಯಾಕಪ್ ಲೈನಿಗೆ ಬದಲಾಗೋದೇ ಇಲ್ಲ. ಯುಪಿಎಸ್ ಅಂತೂ ಎರಡಕ್ಕೂ ಬೇಕು.