ಗೆಸ್ಟ್‌ಗಳ ಪಾರ್ಸೆಲ್ ಇಟ್ಟುಕೊಳ್ಳುವ ಹೋಂಸ್ಟೇಯವರೇ, ಹುಷಾರು

ಚಿಕ್ಕಮಗಳೂರು ಸುತ್ತಮುತ್ತ ಹೋಂಸ್ಟೇ ನಡೆಸುವವರು ದಯವಿಟ್ಟು ಇದನ್ನು ಓದಿ. ರೂಮ್ ಬುಕ್ ಮಾಡಿದವರು "ಸರ್, ನಮ್ಮದೊಂದು ಪಾರ್ಸೆಲ್ ಬರುತ್ತೆ, ತಗೊಂಡಿಟ್ಟಿರಿ" ಎಂದರೆ ಒಪ್ಪಬೇಡಿ.

ಹೋದ ಮಳೆಗಾಲದಲ್ಲಿ ಬೆಂಗಳೂರಿನ ಹುಡುಗರ ತಂಡವೊಂದು ನಮ್ಮಲ್ಲಿ ರೂಮ್ ಹಿಡಿದಿತ್ತು. ಮುಳ್ಳಯ್ಯನಗಿರಿ ನೋಡಲು ಬರುವ ಮಾಮೂಲಿ ಗುಂಪು ಅಂದುಕೊಂಡೆವು. ಅವರಿಗಿಂತ ಮೊದಲು ಅವರ ಡಬ್ಬಿ ಬಂತು. ಮೇಲೆ 'ಮೊಬೈಲ್ ಆಕ್ಸೆಸರೀಸ್' ಎಂದು ಚೀಟಿ. ಮಳೆಗೆ ನೆನೆದು ತಳ ಕಿತ್ತುಹೋಗಿತ್ತು. ಎತ್ತಿದ ಕೂಡಲೇ ಒಳಗಿದ್ದದ್ದೆಲ್ಲ ಜಗಲಿ ಮೇಲೆ ಚೆಲ್ಲಿತು. ಮಾವು, ಪುದೀನ, ಕಲ್ಲಂಗಡಿ ಫ್ಲೇವರ್‌ನ ವೇಪ್‌ಗಳು, ಅಂದರೆ ಇ-ಸಿಗರೇಟ್‌ಗಳು! ಸ್ಕೂಲ್ ಮಕ್ಕಳ ಹೈಲೈಟರ್ ಪೆನ್ನಿನ ಹಾಗೆ ಬಣ್ಣಬಣ್ಣ. ಒಬ್ಬರು ಸೇದುವಷ್ಟಲ್ಲ, ಅಂಗಡಿಗೆ ಇಡುವಷ್ಟಿತ್ತು.

ರೂಮ್ ಬುಕ್ ಮಾಡಿದ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ನಿಕೋಟಿನ್ನೇ ಇಲ್ಲ ಸರ್, ಬರೀ ಫ್ಲೇವರ್. ಏನೂ ಆಗಲ್ಲ" ಎಂದ. ಶುದ್ಧ ಸುಳ್ಳು. ಇ-ಸಿಗರೇಟ್ ನಿಷೇಧಿಸುವ 2019ರ ಕೇಂದ್ರದ ಕಾಯ್ದೆಗೆ ನಿಕೋಟಿನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧ. ಆನ್‌ಲೈನ್‌ನಲ್ಲಿ ಮಾರಿದರೂ ಅಷ್ಟೇ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ.

ಅದು ಅವನ ತಲೆನೋವು ಅನ್ನಬಹುದು. ನಮ್ಮ ತಲೆನೋವು ಬೇರೆ ಇದೆ. ಸ್ಟಾಕ್ ಇಡಲು ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಮನೆಯವರಿಗೂ ಇದೇ ಕಾಯ್ದೆಯಲ್ಲಿ ಶಿಕ್ಷೆಯಿದೆ. 6 ತಿಂಗಳವರೆಗೆ ಜೈಲು, 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಡಬ್ಬಿ ಮುಚ್ಚಿದ್ದಾಗ 'ಗೊತ್ತಿರಲಿಲ್ಲ' ಅನ್ನಬಹುದಿತ್ತು. ಕಣ್ಣಾರೆ ನೋಡಿದ ಮೇಲೆ ಹಾಗೆ ಹೇಳಲು ಬರುತ್ತಾ?

ಠಾಣೆಗೆ ತಿಳಿಸಿದೆ. ಬಂದು ಲೆಕ್ಕ ಹಾಕಿ, ಮಹಜರು ಬರೆದು, ಡಬ್ಬಿ ಒಯ್ದರು. ನನ್ನ ಹೇಳಿಕೆ, ಸಹಿ, ಮತ್ತೆ ಕರೆದಾಗ ಹೋಗುವುದು, ಸುಮ್ನೆ ಅಲೆದಾಟ. ಆ ಕಡೆ ಹುಡುಗರು ಬುಕಿಂಗ್ ಕ್ಯಾನ್ಸಲ್ ಮಾಡಿದರು. "ಮಾಲಿನ ದುಡ್ಡು ನೀವೇ ಕಟ್ಟಿಕೊಡಿ" ಎಂದು ದಬಾಯಿಸಿದರು. ಕೊನೆಗೆ ನಮ್ಮಲ್ಲಿ ಒಂದು ರಾತ್ರಿಯೂ ತಂಗದವರು 'ಗಲೀಜು ರೂಮ್' ಎಂದು ಒಂದು ಸ್ಟಾರ್ ಕೊಟ್ಟರು! ಅದಿನ್ನೂ ಹಾಗೇ ಇದೆ.

'ಸೇದಿದರೆ ತಪ್ಪಿಲ್ಲ, ಮಾರಿದರೆ ಮಾತ್ರ ತಪ್ಪು' ಎಂದು ವಾದಿಸುವ ಗೆಸ್ಟ್‌ಗಳೂ ಬರುತ್ತಾರೆ. ಸೇದುವವರಿಗೆಂದೇ ಕಾಯ್ದೆಯಲ್ಲಿ ಬೇರೆ ಶಿಕ್ಷೆ ಬರೆದಿಲ್ಲ, ನಿಜ. ಆದರೆ ಎಷ್ಟೇ ಇರಲಿ, ಹತ್ತಿರ ಇಟ್ಟುಕೊಳ್ಳುವುದೇ ಕಾಯ್ದೆಗೆ ವಿರುದ್ಧ ಎಂದು ಕೇಂದ್ರ ಆರೋಗ್ಯ ಇಲಾಖೆ 2023ರಲ್ಲಿ ಹೇಳಿದೆ. ಈ ವಾದವನ್ನು ನಿಮ್ಮ ಜಗಲಿಯಲ್ಲಿ ಕೂತು ಮಾಡಲು ಬಿಡಬೇಡಿ.

ಈಗ ಬುಕಿಂಗ್ ಮೆಸೇಜ್‌ನಲ್ಲೇ 'ಪಾರ್ಸೆಲ್ ತೆಗೆದುಕೊಳ್ಳುವುದಿಲ್ಲ, ವೇಪ್ ತರುವಂತಿಲ್ಲ' ಎಂದು ಬರೆದು ಕಳಿಸುತ್ತೇನೆ. ಕೊರಿಯರ್ ಹುಡುಗನಿಗೂ ಹೇಳಿಟ್ಟಿದ್ದೇನೆ, ನಮ್ಮ ಮನೆಯವರ ಹೆಸರಿಲ್ಲದ ಡಬ್ಬಿಯನ್ನು ಗೇಟಿನಿಂದಲೇ ವಾಪಸ್ ಒಯ್ಯಲಿ ಎಂದು.